ನಾಲ್ಕು ಮಳೆಗಾಲ ಕಂಡ ಶಾಲೆಯ ವೈಫೈ

ಪೆಟ್ಟಿಗೆ ಒಡೆದ ವಾರದಲ್ಲೇ ಬರೆದ ವಿಮರ್ಶೆಗಳನ್ನು ನಂಬಿ ಕೈಸುಟ್ಟುಕೊಂಡವನು ನಾನು. ಹಾಗಾಗಿ ನಾಲ್ಕು ಮಳೆಗಾಲ ಕಳೆಯಲಿ ಎಂದು ಕಾದು ಇದನ್ನು ಬರೆಯುತ್ತಿದ್ದೇನೆ. ತೀರ್ಥಹಳ್ಳಿ ಸೀಮೆಯ ಪ್ರೌಢಶಾಲೆಯೊಂದರಲ್ಲಿ ಗಣಿತ ಹೇಳಿಕೊಡುತ್ತೇನೆ. ಕೆಟ್ಟ ಮೊಬೈಲ್ ಬಿಚ್ಚಿ ನೋಡುವ ಚಾಳಿ ಇದೆ ಎಂಬ ಒಂದೇ ಅರ್ಹತೆಯ ಮೇಲೆ ಸುತ್ತಲಿನ ಐದು ಶಾಲೆಗಳ ಜಾಲದ ಉಸ್ತುವಾರಿ ನನ್ನ ಹೆಗಲೇರಿತು.

ಹಳೆಯ ವಿದ್ಯಾರ್ಥಿಗಳ ದೇಣಿಗೆಯಿಂದ ಬಂದದ್ದು ಇಷ್ಟು: ನಮ್ಮ ಮಾಡಿನ ಮೇಲಿಂದ ಉಳಿದ ನಾಲ್ಕು ಶಾಲೆಗಳಿಗೆ ಸಂಪರ್ಕ ಹಾರಿಸುವ ನಾಲ್ಕು ಜೊತೆ ರೇಡಿಯೊ, ತರಗತಿಗಳ ಒಳಗೆ ಕೂರಿಸಿ ವೈಫೈ ಹರಡುವ ಹನ್ನೊಂದು ಆಕ್ಸೆಸ್ ಪಾಯಿಂಟ್, ಇವುಗಳ ಕೇಬಲ್‌ಗಳನ್ನು ಒಂದೆಡೆ ಕೂಡಿಸುವ ಸ್ವಿಚ್ಚುಗಳು, ಮತ್ತು ಎಲ್ಲವನ್ನೂ ದೂರದಿಂದಲೇ ನಿಭಾಯಿಸುವ ಮೂರು ವರ್ಷಗಳ ಕ್ಲೌಡ್ ಸೇವೆ. 5 ಗಿಗಾಹರ್ಟ್ಸ್ ತರಂಗಪಟ್ಟಿಯ ಬಹುಭಾಗವನ್ನು ಕೇಂದ್ರ ಸರ್ಕಾರ 2018ರಲ್ಲಿ ಪರವಾನಗಿಯಿಂದ ಮುಕ್ತಗೊಳಿಸಿದ್ದರಿಂದ ತರಂಗಕ್ಕಾಗಿ ಯಾರ ಬಾಗಿಲಿಗೂ ಅಲೆಯಬೇಕಾಗಲಿಲ್ಲ. ಯಾವ ಕಂಪನಿಯ ಸಾಮಾನು ಎಂದು ಮಾತ್ರ ಕೇಳಬೇಡಿ. ಬೇರೆ ಕಂಪನಿಯದ್ದಾಗಿದ್ದರೂ ಕಥೆ ಹೆಚ್ಚುಕಡಿಮೆ ಇದೇ ಆಗುತ್ತಿತ್ತು.

ಏಕೆಂದರೆ ಯೋಜನೆ ಹಾಕಿದವರು ಬಂದದ್ದು ಫೆಬ್ರುವರಿಯಲ್ಲಿ. ಆಕಾಶ ತಿಳಿಯಾಗಿತ್ತು, ಹೊಳೆಯಾಚೆಯ ಶಾಲೆಯ ಹಂಚು ಬರಿಗಣ್ಣಿಗೆ ಕಾಣುತ್ತಿತ್ತು. ಎರಡು ಕಿಲೋಮೀಟರ್ ದೂರ, ನಡುವೆ ಅಡಿಕೆ ತೋಟ. ‘ಕಾಣಿಸುತ್ತದೆಯಲ್ಲ ಸರ್, ಸಾಕು’ ಎಂದು ಹುಡುಗರು ಕಂಬ ನೆಟ್ಟು ಹೋದರು. ಮೇ ಮುಗಿಯುವವರೆಗೆ ಎಲ್ಲವೂ ಸೊಗಸಾಗಿತ್ತು. ಜೂನ್ ಎರಡನೆಯ ವಾರ ಹಿಡಿದ ಮಳೆಗೆ ಆ ಶಾಲೆಯ ಸಂಪರ್ಕ ಮಗುವಿನ ಉಸಿರಿನಂತೆ ಸಣ್ಣಗಾಗಿ ನಿಂತೇಹೋಯಿತು.

ಎಲ್ಲರೂ ಮಳೆಯನ್ನು ಬೈದರು. ನಾನೂ ಬೈದೆ. ನಿಜಕ್ಕೂ ಈ ತರಂಗಗಳಿಗೆ ಎರಡು ಕಿಲೋಮೀಟರಿನಲ್ಲಿ ಮಳೆಹನಿ ಒಂದು ಲೆಕ್ಕವೇ ಅಲ್ಲ. ಅವನ್ನು ಕುಡಿದದ್ದು ಅಡಿಕೆ ಮರಗಳ ನೆಂದ ಸೋಗೆ. ರೇಡಿಯೊ ಸಂಪರ್ಕ ಕಣ್ಣಿನ ನೋಟದಂತೆ ಒಂದು ಗೆರೆಯಲ್ಲ. ಎರಡು ತುದಿಯಲ್ಲಿ ಸಪೂರವಾಗಿ ಮಧ್ಯದಲ್ಲಿ ಉಬ್ಬಿದ ಸೌತೆಕಾಯಿಯ ಆಕಾರದ ಜಾಗ ಅದಕ್ಕೆ ಬೇಕು. ಎರಡು ಕಿಲೋಮೀಟರಿಗೆ ಆ ಹೊಟ್ಟೆಯ ತ್ರಿಜ್ಯ ಐದು ಮೀಟರ್ ದಾಟುತ್ತದೆ. ಆ ತ್ರಿಜ್ಯದಲ್ಲಿ ನಡುಗೆರೆಯ ಸುತ್ತ ಶೇಕಡಾ ಅರವತ್ತರಷ್ಟಾದರೂ ಖಾಲಿ ಇರಬೇಕು. ನಮ್ಮ ಸೌತೆಕಾಯಿಯ ಕೆಳಭಾಗ ತೋಟದ ತಲೆಗೆ ಉಜ್ಜುತ್ತಿತ್ತು. ಬೇಸಿಗೆಯಲ್ಲಿ ನಡೆದದ್ದು ಸೋಗೆ ನೆಂದ ಮೇಲೆ ನಡೆಯಲಿಲ್ಲ. ಫಸಲು ಬಿಡುವ ಅಡಿಕೆ ಮರ ಕಡಿಯಿರಿ ಎಂದು ಮಲೆನಾಡಿನಲ್ಲಿ ಕೇಳುವ ಧೈರ್ಯ ಯಾರಿಗಿದೆ? ಎರಡೂ ಕಡೆ ಕಂಬವನ್ನು ಹನ್ನೆರಡು ಅಡಿ ಎತ್ತರಿಸಿ, ನಮ್ಮ ಕಡೆಯದನ್ನು ಕಟ್ಟಡದ ಇನ್ನೊಂದು ಮೂಲೆಗೆ ಒಯ್ದೆವು. ಆಮೇಲಿನ ಮೂರು ಮಳೆಗಾಲ ಅದು ತಕರಾರು ಮಾಡಿಲ್ಲ. ಆದರೆ ಅಡಿಕೆ ಮರ ಬೆಳೆಯುತ್ತಲೇ ಇರುತ್ತದೆ ಎಂಬುದನ್ನು ಮರೆತಿಲ್ಲ.

ಸಿಡಿಲಿನ ವಿಷಯ ಬೇರೆ. ಎರಡನೆಯ ವರ್ಷ ಏಪ್ರಿಲ್ ಕೊನೆಯ ಒಂದು ಸಂಜೆ ಎಲ್ಲೋ ಹತ್ತಿರದ ತೆಂಗಿನ ಮರಕ್ಕೆ ಬಡಿಯಿತು. ಮರುದಿನ ನೋಡಿದರೆ ಎರಡು ರೇಡಿಯೊ, ಒಂದು ಸ್ವಿಚ್, ಮೂರು ಆಕ್ಸೆಸ್ ಪಾಯಿಂಟ್ ಸತ್ತಿದ್ದವು. ಮಾಹಿತಿ ಮತ್ತು ವಿದ್ಯುತ್ತು ಎರಡೂ ಒಂದೇ ಕೇಬಲ್‌ನಲ್ಲಿ ಹೋಗುವುದು ಈ ಸಾಮಾನಿನ ದೊಡ್ಡ ಅನುಕೂಲ. ಮಾಡಿನಿಂದ ಇಳಿದ ಅದೇ ತಾಮ್ರ ಸಿಡಿಲಿಗೂ ದಾರಿಯಾಯಿತು. ಖಾತರಿಯಡಿ ಬದಲಿ ಕೇಳಿದರೆ, ಪ್ರಕೃತಿ ವಿಕೋಪ ಅದರಲ್ಲಿ ಸೇರಿಲ್ಲ ಎಂಬ ಉತ್ತರ ಬಂತು. ಮೂಲ ಪಟ್ಟಿಯಲ್ಲಿ ದಿಢೀರನೆ ನುಗ್ಗುವ ವಿದ್ಯುತ್ತನ್ನು ತಡೆಯುವ ಸರ್ಜ್ ಪ್ರೊಟೆಕ್ಟರ್ ಇರಲಿಲ್ಲ, ಅರ್ಥಿಂಗ್ ಎಂಬ ಪದವೇ ಇರಲಿಲ್ಲ. ಊರಿನ ಎಲೆಕ್ಟ್ರಿಷಿಯನ್ ಗುಂಡಿ ತೋಡಿ, ಇದ್ದಿಲು ಉಪ್ಪು ತುಂಬಿ ಅರ್ಥಿಂಗ್ ಮಾಡಿಕೊಟ್ಟರು. ಹಳೆಯ ಕಟ್ಟಡದಿಂದ ಹೊಸ ಕಟ್ಟಡಕ್ಕೆ ತಾಮ್ರದ ಬದಲು ಫೈಬರ್ ಎಳೆಸಿದೆವು, ಗಾಜಿನಲ್ಲಿ ಸಿಡಿಲು ಹರಿಯುವುದಿಲ್ಲವಲ್ಲ. ಗುಡುಗು ಕೇಳಿದರೆ ಪ್ಲಗ್ ಕೀಳುವ ಕೆಲಸವನ್ನು ಒಂಬತ್ತನೆಯ ತರಗತಿಯ ಇಬ್ಬರು ಹುಡುಗಿಯರು ತಾವಾಗಿ ವಹಿಸಿಕೊಂಡಿದ್ದಾರೆ. ನನಗಿಂತ ಮೊದಲು ಅವರಿಗೆ ಗುಡುಗು ಕೇಳಿಸುತ್ತದೆ.

ತರಗತಿಯೊಳಗಿನ ಕಥೆ ಸಣ್ಣದು. ಹಳೆಯ ಕಟ್ಟಡದ ಜಂಬಿಟ್ಟಿಗೆ ಗೋಡೆ ದಾಟಿ 5 ಗಿಗಾಹರ್ಟ್ಸ್ ಪಕ್ಕದ ಕೋಣೆಗೆ ಹೋಗುವುದಿಲ್ಲ. ಅದಕ್ಕೆಂದು ಅನುಸ್ಥಾಪಕರು ಗೋಡೆಯನ್ನು ಹೆಚ್ಚು ಸಲೀಸಾಗಿ ದಾಟುವ 2.4 ಗಿಗಾಹರ್ಟ್ಸ್‌ನಲ್ಲಿ ಎಲ್ಲ ಪೆಟ್ಟಿಗೆಗಳನ್ನೂ ಪೂರ್ತಿ ಶಕ್ತಿಗೆ ಇಟ್ಟು, ಎಲ್ಲವನ್ನೂ 6ನೆಯ ಚಾನೆಲ್‌ನಲ್ಲೇ ಬಿಟ್ಟು ಹೋಗಿದ್ದರು. ಸಂತೆಯಲ್ಲಿ ಎಲ್ಲರೂ ಕೂಗಿದಂತಾಯಿತು. ಒಂದಕ್ಕೊಂದು ತಾಗದ ಚಾನೆಲ್‌ಗಳು 1, 6, 11 ಮೂರೇ. ಅವನ್ನು ಹಂಚಿ, ಶಕ್ತಿ ತಗ್ಗಿಸಿದ ಮೇಲೆ ಇಪ್ಪತ್ತು ಟ್ಯಾಬ್ಲೆಟ್‌ಗಳಲ್ಲಿ ಜಾಲ ಒಟ್ಟಿಗೆ ತೆರೆದುಕೊಂಡಿತು. ಶಕ್ತಿ ತಗ್ಗಿಸಿದರೆ ವೇಗ ಹೆಚ್ಚುತ್ತದೆ ಎಂದರೆ ಮುಖ್ಯ ಶಿಕ್ಷಕರು ಇಂದಿಗೂ ನನ್ನನ್ನು ಅನುಮಾನದಿಂದ ನೋಡುತ್ತಾರೆ.

ನನ್ನ ದೊಡ್ಡ ಕೋಪ ಕ್ಲೌಡ್ ಸೇವೆಯ ಮೇಲೆ. ಅದರ ಖಾತೆಯನ್ನು ಅಂದಿನ ಮುಖ್ಯ ಶಿಕ್ಷಕರ ಸ್ವಂತ ಮೊಬೈಲ್ ಸಂಖ್ಯೆಗೆ ತೆರೆದಿದ್ದರು. ಅವರು ಸಾಗರದ ಕಡೆಗೆ ವರ್ಗವಾಗಿ ಹೋದರು. ಅಂದಿನಿಂದ ಪಾಸ್‌ವರ್ಡ್ ಬದಲಿಸಬೇಕಾದರೆ ನಾನು ಫೋನ್ ಮಾಡಿ ‘ಸರ್, ಒಟಿಪಿ ಬಂತೇ?’ ಎನ್ನಬೇಕು. ‘ಬಂತು ಮಾರಾಯರೇ, ಆದರೆ ನಾನೀಗ ಪಾಠದಲ್ಲಿದ್ದೇನೆ’ ಎಂದು ಅವರು ಹೇಳಿ ಮುಗಿಸುವಷ್ಟರಲ್ಲಿ ಅದರ ಅವಧಿ ಮುಗಿದಿರುತ್ತದೆ. ಮೂರು ವರ್ಷವಾದ ಮೇಲೆ ಕಂಪನಿಯವರು ಸೇವೆಯ ನವೀಕರಣಕ್ಕೆ ಹಣ ಕೇಳಿದರು. ಕೊಡಲು ಯಾವ ಲೆಕ್ಕಶೀರ್ಷಿಕೆಯಲ್ಲೂ ದುಡ್ಡಿರಲಿಲ್ಲ. ವೈಫೈ ಹೊತ್ತಿಕೊಂಡೇ ಇತ್ತು, ಆದರೆ ಒಂದು ಅಕ್ಷರ ತಿದ್ದುವಂತಿರಲಿಲ್ಲ. ಬೇಸಿಗೆ ರಜೆಯಲ್ಲಿ ಒಂದೊಂದೇ ಪೆಟ್ಟಿಗೆ ಇಳಿಸಿ, ಮೂಲಸ್ಥಿತಿಗೆ ತಂದು, ಕ್ಲೌಡ್ ಇಲ್ಲದೆಯೇ ನಡೆಯುವಂತೆ ಮಾಡಿದೆ. ಅದು ಸಾಧ್ಯವಿರುವ ಮಾದರಿಯಾಗಿದ್ದುದು ನಮ್ಮ ಪುಣ್ಯ, ಖರೀದಿಸುವಾಗ ಅದನ್ನು ಯಾರೂ ಕೇಳಿರಲಿಲ್ಲ.

ಇಡೀ ಯೋಜನೆಯಲ್ಲಿ ಎಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದು ಯೋಜನೆಯಲ್ಲೇ ಇರದಿದ್ದ ಒಂದು ವಸ್ತು. ಅಂಗೈ ಅಗಲದ ರಾಸ್ಪ್‌ಬೆರಿ ಪೈ ಗಣಕದ ಮೇಲೆ, ಇಂಟರ್ನೆಟ್ ಇಲ್ಲದೆಯೂ ಜಾಲಪುಟ ಓದಿಸುವ ಕಿವಿಕ್ಸ್ ತಂತ್ರಾಂಶ ಹಾಕಿ, ಕನ್ನಡ ವಿಕಿಪೀಡಿಯವನ್ನು ಅದರೊಳಗೆ ಇಳಿಸಿಟ್ಟಿದ್ದೇನೆ. ಹೊರಗಿನ ಇಂಟರ್ನೆಟ್ ಸತ್ತ ದಿನವೂ ಶಾಲೆಯೊಳಗಿನ ವೈಫೈ ಸಾಕು, ಮಕ್ಕಳು ಹುಡುಕುತ್ತಾರೆ, ಓದುತ್ತಾರೆ. ಮಳೆ ಹಿಡಿದು ಕೂತ ಜುಲೈನಲ್ಲಿ ನಾವು ಬಳಸುವುದು ಹೆಚ್ಚಾಗಿ ಇದನ್ನೇ.

ಅಂಕ ಕೊಡಲೇಬೇಕೆಂದರೆ ರೇಡಿಯೊಗಳಿಗೆ ಐದಕ್ಕೆ ನಾಲ್ಕು, ಆಕ್ಸೆಸ್ ಪಾಯಿಂಟ್‌ಗಳಿಗೆ ಮೂರೂವರೆ, ಕ್ಲೌಡ್ ಸೇವೆಗೆ ಒಂದು, ಫೆಬ್ರುವರಿಯ ಸಮೀಕ್ಷೆಗೆ ಸೊನ್ನೆ. ರೇಡಿಯೊಗಳಿಗೆ ಒಂದು ಅಂಕ ಕಳೆದದ್ದು ಇರುವೆಗಳಿಗಾಗಿ. ಕೇಬಲ್ ಒಳಹೋಗುವ ತೂತಿನಿಂದ ನುಗ್ಗಿ ಮೊಟ್ಟೆಯಿಟ್ಟು ಸಂಸಾರ ಹೂಡುತ್ತವೆ. ಕೊಂಡವರು ಮಳೆಗಾಲಕ್ಕೆ ಮೊದಲು ಏಣಿ ಹತ್ತಿ, ಆ ತೂತಿಗೆ ಸಿಲಿಕೋನ್ ಮೆತ್ತಿ ಬನ್ನಿ.