ಎರಡೂವರೆ ತಾಸಿನ ಪಾರಿಜಾತ: ರಾಯಚೂರಿಗೆ ಈ ಆಟ ಕರೆಸುವವರು ಗಮನಿಸಬೇಕಾದದ್ದು

ಬಾಗಲಕೋಟೆ ಕಡೆಯಿಂದ ಬಂದ ಹನ್ನೆರಡು ಜನರ ಮೇಳವೊಂದು ರಾಯಚೂರಿನ ಮುಚ್ಚಿದ ರಂಗಮಂದಿರದಲ್ಲಿ ಆಡಿದ ಶ್ರೀಕೃಷ್ಣ ಪಾರಿಜಾತ ಎಂಬ ಬಯಲಾಟಕ್ಕೆ ಐದರಲ್ಲಿ ಮೂರು ಅಂಕ. ಸತ್ಯಭಾಮೆ ಮತ್ತು ಭಾಗವತ ಇಬ್ಬರನ್ನೇ ನೋಡಿ ಕೊಡುವುದಾದರೆ ನಾಲ್ಕೂವರೆ ಕೊಡಬಹುದಿತ್ತು. ಉಳಿದದ್ದನ್ನು ತಿಂದು ಹಾಕಿದ್ದು ಎರಡೂವರೆ ತಾಸಿನ ಮಿತಿ ಮತ್ತು ಮೈಕಿನ ವ್ಯವಸ್ಥೆ. ಜಾತ್ರೆಗೋ ಸಂಘದ ವಾರ್ಷಿಕೋತ್ಸವಕ್ಕೋ ಪಾರಿಜಾತ ಕರೆಸಬೇಕು ಎನ್ನುವವರು ಈ ಭಾಗದಲ್ಲಿ ಇನ್ನೂ ಇದ್ದಾರೆ. ಮುಂಗಡ ಕೊಡುವ ಮೊದಲು ಏನು ಕೇಳಬೇಕು, ಸ್ಟೇಜಿನ ಮೇಲೆ ಏನು ಸಿದ್ಧ ಇರಬೇಕು ಎನ್ನುವುದಕ್ಕೆ ಈ ಒಂದು ಆಟವೇ ಸಾಕಷ್ಟು ಪಾಠ ಹೇಳುತ್ತದೆ.

ಪಾರಿಜಾತ ರಾಯಚೂರಿಗೆ ಪರಊರಿನ ಸರಕೇನಲ್ಲ. ಮೊದಲು ಬರೆದವನು ರಾಯಚೂರು ಸೀಮೆಯ ಅಪರಾಳ ತಮ್ಮಣ್ಣ. ಮುಂದೆ ಗೋಕಾಕ ಕಡೆಯ ಕುಲಗೋಡ ತಮ್ಮಣ್ಣನ ಕೈಗೆ ಬಂದು, ಪದ ಅಂದರೆ ಹಾಡು ಕೂಡಿ, ಮಾತು ಬೆಳೆದು, ಊರೂರು ತಿರುಗುವ ಆಟವಾಯಿತು. ಕೌಜಲಗಿ ನಿಂಗಮ್ಮನಂಥ ಕಲಾವಿದೆಯಿಂದ ನಾಡಿಗೆಲ್ಲ ಅದರ ಹೆಸರು ಹಬ್ಬಿತು. ಬೀಜ ನಮ್ಮದು, ಬೆಳೆ ಬೆಳಗಾವಿ ಬಾಗಲಕೋಟೆಯದು. ಇವತ್ತು ರಾಯಚೂರಿನವರು ತಮ್ಮ ಸೀಮೆಯಲ್ಲಿ ಹುಟ್ಟಿದ ಆಟವನ್ನು ಗಾಡಿ ಕಳಿಸಿ ತರಿಸಿಕೊಳ್ಳುತ್ತಾರೆ. ಕತೆಯಂತೂ ಇನ್ನೂ ಹಳೆಯದು, ಹರಿವಂಶದ್ದು. ಇಲ್ಲೇ ಪಕ್ಕದ ಹಂಪಿಯಲ್ಲಿ, ಕೃಷ್ಣದೇವರಾಯನ ಆಸ್ಥಾನದಲ್ಲಿ, ನಂದಿ ತಿಮ್ಮನ ಎಂಬ ಕವಿ ಇದನ್ನು ತೆಲುಗು ಕಾವ್ಯವಾಗಿ ಬರೆದ. ಕೂಚಿಪುಡಿಯ ಭಾಮಾಕಲಾಪದಲ್ಲಿ ಮುನಿಸಿಕೊಂಡು ನಿಲ್ಲುವವಳೂ ಇದೇ ಸತ್ಯಭಾಮೆ. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ ಆಡುವ ರಾಯಚೂರಿನ ಪ್ರೇಕ್ಷಕನಿಗೆ ಆಕೆಯ ಪರಿಚಯ ಮಾಡಿಕೊಡಬೇಕಾಗಿಲ್ಲ. ಮೇಳದವರು ಶುರುವಿನಲ್ಲಿ ಹತ್ತು ನಿಮಿಷ ಕತೆಯ ಹಿನ್ನೆಲೆ ಹೇಳಿದ್ದು ಪೂರಾ ದಂಡ. ಆ ಹತ್ತು ನಿಮಿಷದಲ್ಲಿ ಎರಡು ಪದ ಹಾಡಬಹುದಿತ್ತು.

ಕತೆ ಇಷ್ಟೇ: ನಾರದ ತಂದ ಪಾರಿಜಾತದ ಹೂವನ್ನು ಕೃಷ್ಣ ರುಕ್ಮಿಣಿಗೆ ಕೊಟ್ಟ, ಸತ್ಯಭಾಮೆ ಮುನಿದಳು, ಅವಳನ್ನು ಒಲಿಸಲು ಕೃಷ್ಣ ಕೊರವಂಜಿಯ ವೇಷ ತೊಟ್ಟು ಕಣಿ ಹೇಳಲು ಬಂದ. ರಾತ್ರಿಯಿಡೀ ಆಡುವಷ್ಟು ಸಂಗತಿ ಇದರಲ್ಲಿ ಎಲ್ಲಿದೆ ಎಂದು ಹೊಸಬರು ಕೇಳುತ್ತಾರೆ. ಸಂಗತಿ ಇರುವುದು ಸತ್ಯಭಾಮೆಯ ಬಿಂಕದ ಮಾತಿಗೂ ಭಾಗವತನ ಹಳ್ಳಿ ಮಾತಿಗೂ ನಡುವೆ. ಆಕೆ ರಾಣಿಯ ಗತ್ತಿನಲ್ಲಿ, ಪುಸ್ತಕದ ಕನ್ನಡದಲ್ಲಿ ತನ್ನ ವೈಭವ ಹೇಳಿಕೊಳ್ಳುತ್ತಾಳೆ. ಭಾಗವತ ಅದನ್ನು ಅರ್ಥವಾಗದವನ ಹಾಗೆ ಕೇಳಿ, ಅಡುಗೆಮನೆ ಹೊಲಮನೆಯ ಮಾತಿಗೆ ಇಳಿಸಿ ತಿರುಗಿಸಿ ಕೊಡುತ್ತಾನೆ. ಅವನೇ ಸೂತ್ರಧಾರ, ಅವನೇ ಹಾಡುಗಾರ, ಬೇಕಾದಾಗ ಅವನೇ ಸಖಿ. ರಾಯಚೂರು, ಬಳ್ಳಾರಿ, ಕೊಪ್ಪಳದವರು ದೊಡ್ಡಾಟ ನೋಡಿ ಬೆಳೆದವರು. ಭುಜಕೀರ್ತಿ ಕಟ್ಟಿ ಅಬ್ಬರಿಸಿ ಕುಣಿಯುವ ಆ ಆಟದಲ್ಲಿ ನಗೆ ಸಾರಥಿಯ ಪಾಲಿನದು, ಯುದ್ಧದ ನಡುವೆ ಉಸಿರು ಬಿಡಲಿಕ್ಕೆ ಇಟ್ಟದ್ದು. ಅದನ್ನು ತೆಗೆದರೂ ಕತೆ ನಿಲ್ಲುತ್ತದೆ. ಪಾರಿಜಾತದಲ್ಲಿ ನಗೆಯನ್ನು ತೆಗೆದರೆ ಹೂವೊಂದು ಉಳಿಯುತ್ತದೆ, ಕತೆ ಉಳಿಯುವುದಿಲ್ಲ.

ಈ ಮೇಳದ ಕತ್ತರಿ ಬಿದ್ದದ್ದು ಸರಿಯಾಗಿ ಅಲ್ಲೇ. ರಾತ್ರಿ ಹತ್ತಕ್ಕೆ ಎತ್ತಿ ಬೆಳಕು ಹರಿಯುವಾಗ ಮಂಗಳ ಹಾಡುವ ಆಟವನ್ನು ಸಂಜೆ ಆರೂವರೆಯಿಂದ ಒಂಬತ್ತಕ್ಕೆ ಇಳಿಸಬೇಕಾಗಿತ್ತು. ಕಥಾಪ್ರಸಂಗ ಒಂದನ್ನೂ ಬಿಡಬಾರದು ಎಂದು ಗೊಲ್ಲತಿ, ರುಕ್ಮಿಣಿ, ನಾರದ, ಸತ್ಯಭಾಮೆ, ಕೊರವಂಜಿ ಎಲ್ಲರನ್ನೂ ಇಟ್ಟುಕೊಂಡರು. ಸಮಯ ಉಳಿಸಲು ಹಿಮ್ಮೇಳದ ಮರುಹಾಡಿಕೆ ತೆಗೆದುಬಿಟ್ಟರು. ಪಾತ್ರಧಾರಿ ಪದ ಮುಗಿಸುತ್ತಿದ್ದ ಹಾಗೆ ಕೊನೆಯ ಸಾಲನ್ನು ಹಿಮ್ಮೇಳ ಎತ್ತಿಕೊಂಡು ಎರಡು ಮೂರು ಸಲ ಹಾಡುವುದು ಪದ್ಧತಿ. ಹೊರಗಿನಿಂದ ನೋಡಿದರೆ ಹಾಡಿದ್ದನ್ನೇ ಹಾಡಿದಂತೆ ಕಾಣುತ್ತದೆ. ಅದರ ಕೆಲಸ ಬೇರೆ ಇದೆ. ಆ ಅರ್ಧ ನಿಮಿಷದಲ್ಲಿ ಪಾತ್ರಧಾರಿ ಒಂದು ಸುತ್ತು ಹೆಜ್ಜೆ ಹಾಕಿ ಉಸಿರು ತಗೊಳ್ಳುತ್ತಾನೆ, ಪದದಲ್ಲಿ ಅಡಗಿದ್ದ ಕುಚೋದ್ಯ ಜನಕ್ಕೆ ತಲುಪುತ್ತದೆ, ನಗು ಎದ್ದು ಇಳಿಯುತ್ತದೆ. ಆಮೇಲೆ ಭಾಗವತನ ಪ್ರಶ್ನೆ ಖಾಲಿ ನಿಶ್ಶಬ್ದದ ಮೇಲೆ ಬೀಳುತ್ತದೆ. ಮರುಹಾಡಿಕೆ ಇಲ್ಲದ್ದರಿಂದ ಏಳೆಂಟು ಕಡೆ ಜನ ನಗುತ್ತಿರುವಾಗಲೇ ಮುಂದಿನ ಮಾತು ಬಂದು ನಗುವಿನಡಿ ಹೂತುಹೋಯಿತು. ಒಂದು ತಾಸು ಕಳೆದ ಮೇಲೆ ಜನ, ಮಾತು ತಪ್ಪೀತೆಂದು, ನಗುವುದನ್ನೇ ತಡೆದುಕೊಂಡು ಕೂತರು. ಹಾಸ್ಯದ ಆಟಕ್ಕೆ ಇದಕ್ಕಿಂತ ದೊಡ್ಡ ನಷ್ಟ ಇಲ್ಲ.

ಎರಡೂವರೆ ತಾಸೇ ಗಟ್ಟಿ ಎನ್ನುವುದಾದರೆ ಪ್ರಸಂಗ ಬಿಡಬೇಕು, ಪದ ಬಿಡಬಾರದು. ಗೊಲ್ಲತಿಯ ಪ್ರಸಂಗ ತಾನೇ ಒಂದು ಪೂರ್ತಿ ಆಟ. ಮೊಸರಿನ ಗಡಿಗೆ ಹೊತ್ತವಳನ್ನು ಕೃಷ್ಣ ಅಡ್ಡಗಟ್ಟುವುದು, ಆಕೆ ತಿರುಗಿಬೀಳುವುದು ಚೆನ್ನಾಗಿ ಆಡಿದರೆ ಮುಕ್ಕಾಲು ತಾಸು ಬೇಕು. ಅದನ್ನು ಇಲ್ಲಿ ಹದಿನೈದು ನಿಮಿಷಕ್ಕೆ ಮುರಿದದ್ದರಿಂದ ಗೊಲ್ಲತಿಯ ಪಾತ್ರ ಮಾಡಿದ ಹುಡುಗಿಯ ಕಂಠವೂ ವ್ಯರ್ಥ ಆಯಿತು. ಅದನ್ನು ಇನ್ನೊಂದು ದಿನದ ಆಟಕ್ಕೆ ಇಟ್ಟುಕೊಂಡು ನೇರವಾಗಿ ನಾರದನಿಂದ ಎತ್ತಿಕೊಂಡರೆ ಸತ್ಯಭಾಮೆಗೆ ಒಂದೂಕಾಲು ತಾಸು, ಕೊರವಂಜಿಗೆ ನಲವತ್ತು ನಿಮಿಷ ಸರಾಗವಾಗಿ ಸಿಗುತ್ತದೆ.

ಸಂಗೀತದ ವಿಷಯಕ್ಕೆ ಬಂದರೆ ಮೆಚ್ಚಬೇಕಾದ್ದು ಬಹಳ ಇದೆ. ಗುರ್ಲಹೊಸೂರಿನಲ್ಲಿ ಹುಟ್ಟಿದ ಅಣ್ಣಾಸಾಹೇಬ ಕಿರ್ಲೋಸ್ಕರರು 1880ರಲ್ಲಿ ಪುಣೆಯಲ್ಲಿ ಮರಾಠಿ ಸಂಗೀತ ನಾಟಕಗಳಾದ ಶಾಕುಂತಲವನ್ನೂ 1882ರಲ್ಲಿ ಸೌಭದ್ರವನ್ನೂ ಆಡಿಸಿದ ಮೇಲೆ ಉತ್ತರ ಕರ್ನಾಟಕದ ರಂಗದ ಕಿವಿಯೇ ಬದಲಾಯಿತು. ಸೌಭದ್ರವೂ ಕೃಷ್ಣನ ಕಿತಾಪತಿಯ ಸಂಸಾರದ ಹಾಸ್ಯವೇ. ಪಾರಿಜಾತದವರು ಆ ಗಾಳಿಗೆ ಮೈಯೊಡ್ಡಿದರು, ಪೇಟಿ (ಹಾರ್ಮೋನಿಯಂ) ತಬಲಾ ಇಟ್ಟುಕೊಂಡರು, ಆದರೆ ಪದದ ನಡಿಗೆಯನ್ನು ಬಿಟ್ಟುಕೊಡಲಿಲ್ಲ. ಈ ಮೇಳದ ಪೇಟಿ ಮಾಸ್ತರರಿಗೆ ಆ ಹದ ಗೊತ್ತಿದೆ. ಭೈರವಿಯಲ್ಲಿ ಸತ್ಯಭಾಮೆಯ ಅಳಲು ಹಾಡಿಸುವಾಗ ಎರಡೇ ಸ್ವರ ಮುಂದೆ ಹೋಗಿ ದಾರಿ ತೋರಿಸಿ ನಿಂತುಬಿಡುತ್ತಾರೆ, ತಾನು ಬಾರಿಸಿ ತೋರಿಸುವ ಚಪಲ ಇಲ್ಲ.

ಶ್ರುತಿಯ ಲೆಕ್ಕ ಮಾತ್ರ ಒಂದು ಕಡೆ ತಪ್ಪಿತು. ಹೆಣ್ಣು ಪಾತ್ರವನ್ನೂ ಗಂಡಸರೇ ಮಾಡುತ್ತಿದ್ದಾಗ ಇಡೀ ಆಟ ಒಂದೇ ಶ್ರುತಿಯಲ್ಲಿ ನಡೆಯುತ್ತಿತ್ತು. ಈಗ ಕೃಷ್ಣ ಗಂಡಸು, ಸತ್ಯಭಾಮೆ ಹೆಂಗಸು. ಒಂದೇ ಶ್ರುತಿ ಹಿಡಿದರೆ ಇಬ್ಬರಲ್ಲಿ ಒಬ್ಬರು ಒದ್ದಾಡಬೇಕು. ಇಲ್ಲಿ ಬಿಳಿ ನಾಲ್ಕು, ಅಂದರೆ ಪೇಟಿಯ ನಾಲ್ಕನೇ ಬಿಳಿ ಮನೆಯ ಶ್ರುತಿ, ಹಿಡಿದಿದ್ದರು. ಕೃಷ್ಣ ಮೇಲಿನ ಷಡ್ಜಕ್ಕೆ ಹೋದಾಗಲೆಲ್ಲ ಕತ್ತಿನ ನರ ಉಬ್ಬಿತು, ಸತ್ಯಭಾಮೆ ಕೆಳಗೆ ಇಳಿದಾಗ ಪದವೇ ಕೇಳಿಸಲಿಲ್ಲ. ಇದಕ್ಕೆ ಬಲ್ಲವರು ಮಾಡುವ ಉಪಾಯ ಸುಲಭ: ಕೃಷ್ಣನಿಗೆ ಕರಿ ಎರಡು. ಅದರ ಮಧ್ಯಮವೇ ಕರಿ ನಾಲ್ಕು, ಅದನ್ನು ಷಡ್ಜ ಮಾಡಿ ಸತ್ಯಭಾಮೆ ಹಾಡಬೇಕು. ಪ್ರಶ್ನೋತ್ತರದ ಪದದಲ್ಲಿ ಇಬ್ಬರೂ ತಮ್ಮ ತಮ್ಮ ಎತ್ತರದಲ್ಲೇ ಇರುತ್ತಾರೆ, ಶ್ರುತಿ ಬದಲಾದದ್ದು ಕಿವಿಗೆ ಕುಟುಕುವುದಿಲ್ಲ. ಆಗ ಬಲಗೈಯಲ್ಲಿ ನುಡಿಸುವ ತಬಲಾ ಎರಡು ಬೇಕು, ಒಂದು ಕರಿ ಎರಡಕ್ಕೆ, ಒಂದು ಕರಿ ನಾಲ್ಕಕ್ಕೆ. ಈ ಮೇಳ ತಂದದ್ದು ಒಂದೇ.

ಆ ಒಂದನ್ನೂ ರಾಯಚೂರಿನ ಬಿಸಿಲು ಆಟ ಆಡಿಸಿತು. ಒಣ ಹವೆಗೆ ತೊಗಲು ಬಿಗಿಯುತ್ತದೆ, ಶ್ರುತಿ ಏರುತ್ತದೆ. ಮೇಲಿನ ದೀಪದ ಕಾವು ಸೇರಿದರೆ ಇನ್ನೂ ಬೇಗ. ಹೊರಗಿನಿಂದ ತಂದು ನೇರವಾಗಿ ದೀಪದಡಿ ಇಟ್ಟ ತಬಲಾ ಮುಕ್ಕಾಲು ತಾಸಿನಲ್ಲಿ ಪೇಟಿಗಿಂತ ಮೇಲೆ ಹೋಗಿತ್ತು. ರುಕ್ಮಿಣಿಯ ಪದದ ನಡುವೆ ಸುತ್ತಿಗೆ ಹಿಡಿದು ಕೂರಬೇಕಾಯಿತು. ವಾದ್ಯಗಳು ಆಟಕ್ಕೆ ಒಂದು ತಾಸು ಮೊದಲೇ ಸ್ಟೇಜಿಗೆ ಬಂದು, ದೀಪ ಹೊತ್ತಿಸಿಟ್ಟ ಹವೆಯಲ್ಲೇ ಕೂಡಿಸಿಕೊಳ್ಳಬೇಕು. ಹಿಮ್ಮೇಳದ ನೆತ್ತಿಯ ಮೇಲಿನ ದೀಪವನ್ನು ಪಕ್ಕಕ್ಕೆ ಸರಿಸಿದರೆ ಅರ್ಧ ಕಷ್ಟ ತಪ್ಪುತ್ತದೆ.

ಮೈಕು ಕಟ್ಟಿದವರಿಗೆ ಭಾಷಣದ ಸಭೆ ಗೊತ್ತು, ಆಟ ಗೊತ್ತಿಲ್ಲ. ಮುಂದುಗಡೆ ಕೋಲಿಗೆ ನಿಲ್ಲಿಸಿದ ಎರಡು ಮೈಕು, ಹಿಮ್ಮೇಳಕ್ಕೆ ಒಂದು, ಇಷ್ಟೇ. ಪಾರಿಜಾತದ ಪಾತ್ರಧಾರಿ ನಿಂತಲ್ಲಿ ನಿಲ್ಲುವವನಲ್ಲ, ಭಾಗವತನ ಸುತ್ತ ತಿರುಗಿ ತಿರುಗಿ ಮಾತಾಡುತ್ತಾನೆ. ಸತ್ಯಭಾಮೆ ಕೋಲಿನ ಮುಂದೆ ಬಂದಾಗ ಮಾತ್ರ ಕೇಳಿಸಿ, ಬೆನ್ನು ತಿರುಗಿಸಿದೊಡನೆ ಮಾಯವಾದಳು. ಮೂರನೆಯ ಪದದ ಹೊತ್ತಿಗೆ ಎಲ್ಲ ಪಾತ್ರಗಳೂ ಮೈಕಿಗೆ ಅಂಟಿಕೊಂಡು ನಿಂತವು, ಹೆಜ್ಜೆ ಪೂರ್ತಿ ಬಿಟ್ಟುಹೋಯಿತು. ಬೇಕಾದ್ದು ಇಷ್ಟು: ಪಾತ್ರಧಾರಿಗಳ ಎದೆಗೆ ಸಿಕ್ಕಿಸುವ ತಂತಿಯಿಲ್ಲದ ಮೈಕು ಕನಿಷ್ಠ ಮೂರು, ಭಾಗವತನಿಗೆ ಒಂದು, ಪೇಟಿಗೆ, ತಬಲಾಕ್ಕೆ, ಹಿಮ್ಮೇಳದಲ್ಲಿ ಹಾಡುವ ಇಬ್ಬರಿಗೆ ಒಂದೊಂದು. ತಾಳಕ್ಕೆ ಮೈಕು ಬೇಡವೇ ಬೇಡ, ಅದು ಇದ್ದಲ್ಲೇ ಮೂವತ್ತನೇ ಸಾಲಿಗೆ ಕೇಳಿಸುತ್ತದೆ. ಹಿಮ್ಮೇಳದವರ ಮುಂದೆ ಪಾತ್ರಧಾರಿಯ ದನಿ ಕೇಳುವ ಚಿಕ್ಕ ಸ್ಪೀಕರ್ ಇರಲಿ, ಅದರ ಬಾಯಿ ಪೇಟಿಯ ಮೈಕಿನ ಕಡೆಗೆ ಇರಬಾರದು. ಇಲ್ಲಿ ಇದ್ದದ್ದು ಹಾಗೇ, ಆದ್ದರಿಂದಲೇ ಸ್ಪೀಕರಿನ ದನಿ ಮತ್ತೆ ಮೈಕಿಗೆ ಹೊಕ್ಕು ಏಳುವ ಕೂಗು ಆಟದುದ್ದಕ್ಕೂ ಬಿಡಲಿಲ್ಲ.

ಸ್ಟೇಜು ದೊಡ್ಡದಿತ್ತು, ಅತಿ ದೊಡ್ಡದಿತ್ತು. ಬಯಲಲ್ಲಿ ಮೂರು ಕಡೆ ಜನ ಕೂತು ನೋಡುವ ಆಟವಿದು. ಸತ್ಯಭಾಮೆ ಬಲಗಡೆಯ ಹೆಂಗಸರಿಗೆ ಒಂದು ಮಾತು, ಎಡಗಡೆಯವರಿಗೆ ಇನ್ನೊಂದು ಮಾತು ಎಸೆಯುತ್ತಾಳೆ. ಮುಚ್ಚಿದ ಮಂದಿರದಲ್ಲಿ ಎಲ್ಲರೂ ಎದುರಿಗೆ, ಅದೂ ಮೊದಲ ಎರಡು ಸಾಲು ಅತಿಥಿಗಳ ಖಾಲಿ ಕುರ್ಚಿ. ಹಿಮ್ಮೇಳವನ್ನು ಹಿಂದಿನ ಪರದೆಗೆ ಒತ್ತಿ ಕೂರಿಸಿದ್ದರಿಂದ ಪಾತ್ರಕ್ಕೂ ಪೇಟಿಗೂ ಇಪ್ಪತ್ತು ಅಡಿ ದೂರ. ಇಪ್ಪತ್ತು ಅಡಿ ಅಗಲ, ಹದಿನಾರು ಅಡಿ ಆಳದ ಜಾಗವನ್ನು ಸ್ಟೇಜಿನ ಮುಂಭಾಗದಲ್ಲೇ ಗುರುತು ಮಾಡಿ, ಹಿಮ್ಮೇಳವನ್ನು ಬಲಗಡೆಗೆ ಓರೆಯಾಗಿ ಕೂರಿಸಿ, ಸ್ಟೇಜಿನ ಎರಡೂ ಬದಿಗೆ ಜಮಖಾನ ಹಾಸಿ ಜನರನ್ನು ಮೇಲೇ ಕೂರಿಸಿದರೆ ಬಯಲಿನ ಗುಣ ಅರ್ಧವಾದರೂ ಬರುತ್ತದೆ. ಅತಿಥಿಗಳ ಕುರ್ಚಿ ಮೂರನೇ ಸಾಲಿನಿಂದ ಶುರುವಾದರೆ ಯಾರಿಗೂ ಕೊರತೆ ಇಲ್ಲ.

ಇಷ್ಟೆಲ್ಲ ತೊಂದರೆಯ ನಡುವೆಯೂ ಜನ ಎದ್ದು ಹೋಗಲಿಲ್ಲ, ಅದು ಸತ್ಯಭಾಮೆಯ ಶಕ್ತಿ. ಆಕೆ ಮುನಿಸನ್ನು ಕೂಗಾಟ ಮಾಡಲಿಲ್ಲ. ಹೂವು ಸವತಿಗೆ ಹೋದ ಸುದ್ದಿ ಕೇಳಿದಾಗ ಒಂದು ಕ್ಷಣ ಕೈಬಳೆ ಸರಿ ಮಾಡಿಕೊಂಡು, ಆ ಹೂವಿಗೆ ವಾಸನೆ ಇದೆಯೇನು ಎಂದು ಭಾಗವತನನ್ನು ಕೇಳಿದ ರೀತಿಗೆ ಹೆಂಗಸರ ಕಡೆಯಿಂದ ಎದ್ದ ನಗು ಇಡೀ ಸಂಜೆಯ ದೊಡ್ಡ ನಗು. ಸವತಿಯ ಹೊಟ್ಟೆಕಿಚ್ಚನ್ನು ಹೆಂಗಸರು ತಮ್ಮದೆಂದು ನಗುವಂತೆ ಆಡುವುದು ಈ ಆಟದ ಪ್ರಾಣ. ಹೆಂಗಸರನ್ನು ಗೇಲಿ ಮಾಡಿ ಗಂಡಸರನ್ನು ನಗಿಸುವ ಮೇಳಗಳೂ ಇವೆ, ಅಂಥವು ಬೇಡ. ಭಾಗವತನೂ ಬಾಗಲಕೋಟೆಯ ಮಾತಿನಲ್ಲೇ ಶುರು ಮಾಡಿ, ಜನರ ಉತ್ತರ ಕೇಳುತ್ತ ಕೇಳುತ್ತ ರಾಯಚೂರಿನ ತೆಲುಗು ಉರ್ದು ಬೆರೆತ ಮಾತಿಗೆ ಇಳಿದ. ಬರೆದಿಟ್ಟ ಮಾತು ಒಪ್ಪಿಸುವವನಿಗೆ ಇದು ಸಾಧ್ಯವಿಲ್ಲ.

ಕೊರವಂಜಿ ಮಾತ್ರ ಸಪ್ಪೆ. ಬುಟ್ಟಿ, ಬೆತ್ತ, ಬೆನ್ನಿಗೆ ಕಟ್ಟಿದ ಕೂಸು ಎಲ್ಲ ಇದ್ದವು. ಆದರೆ ಕೃಷ್ಣನಾಗಿ ಆಡಿದವರನ್ನು ಬಿಟ್ಟು ಬೇರೊಬ್ಬರಿಗೆ ಆ ವೇಷ ಕೊಟ್ಟಿದ್ದರು, ಬಟ್ಟೆ ಬದಲಿಸಲು ಸಮಯ ಸಾಲದೆಂದು. ಗಂಡನೇ ಕೊರವಂಜಿಯಾಗಿ ಬಂದಿದ್ದಾನೆ ಎಂದು ಜನಕ್ಕೆ ಗೊತ್ತು, ಸತ್ಯಭಾಮೆಗೆ ಗೊತ್ತಿಲ್ಲ, ನಗೆ ಹುಟ್ಟುವುದು ಆ ಸಂದಿನಲ್ಲಿ. ಮುಖವೇ ಬೇರೆಯಾದರೆ ಅವಳು ನಿಜವಾದ ಕೊರವಂಜಿಯೇ ಆಗಿಬಿಡುತ್ತಾಳೆ. ವೇಷ ಬದಲಿಸಲು ಎಂಟು ಹತ್ತು ನಿಮಿಷ ಸಾಕು, ಅಷ್ಟು ಹೊತ್ತು ಭಾಗವತ ಸತ್ಯಭಾಮೆಯೊಡನೆ ಮಾತು ಬೆಳೆಸಬಲ್ಲ. ಒಬ್ಬರೇ ಎರಡೂ ಮಾಡುತ್ತಾರೆಯೇ ಎಂದು ಗೊತ್ತುಮಾಡುವಾಗಲೇ ಕೇಳಿ.

ವ್ಯವಹಾರದಲ್ಲಿ ಮೇಳದವರು ನೆಟ್ಟಗಿದ್ದಾರೆ. ಅರ್ಧ ಮುಂಗಡ, ಅರ್ಧ ಮಂಗಳ ಹಾಡಿದ ಮೇಲೆ. ಗಾಡಿ ಮತ್ತು ಎರಡು ಹೊತ್ತಿನ ಊಟ ಕರೆಸಿದವರದು. ಹೇಳಿದ ಹೊತ್ತಿಗೆ ಬಂದರು, ಹನ್ನೆರಡು ಜನ ಎಂದವರು ಹನ್ನೆರಡೇ ಜನ ಬಂದರು. ಬಣ್ಣ ಹಚ್ಚಲು ಎರಡು ತಾಸು, ಕನ್ನಡಿ, ಫ್ಯಾನು, ಹೆಂಗಸರಿಗೆ ಬೇರೆ ಕೋಣೆ ಬೇಕು ಎಂದು ಮೊದಲೇ ಹೇಳಿದ್ದರು. ಆ ಬೇರೆ ಕೋಣೆ ಇರಲಿಲ್ಲ, ಅದು ಕರೆಸಿದವರ ತಪ್ಪು. ಮೇಳಗಳ ವಿಳಾಸ ಬೇಕಾದವರು ಬಾಗಲಕೋಟೆಯ ಬಯಲಾಟ ಅಕಾಡೆಮಿಯಲ್ಲಿ ವಿಚಾರಿಸಬಹುದು. ಫೋನಿನಲ್ಲಿ ಮಾತಾಡುವಾಗ ಸಮಯ ಎಷ್ಟು ಎಂದು ಅವರು ಕೇಳಿಯೇ ಕೇಳುತ್ತಾರೆ. ನಾಲ್ಕು ತಾಸು ಎನ್ನಿ, ಊಟ ಮುಗಿಸಿ ಒಂಬತ್ತಕ್ಕೆ ಎತ್ತಿದರೆ ರಾತ್ರಿ ಒಂದಕ್ಕೆ ಮಂಗಳ. ಬೇಸಿಗೆಯ ರಾಯಚೂರಿನಲ್ಲಿ ಆ ಹೊತ್ತಿಗೆ ಮೊದಲು ಹೇಗೂ ಯಾರಿಗೂ ನಿದ್ದೆ ಹತ್ತುವುದಿಲ್ಲ.