ಕಿನ್ನಾಳವೋ ಗೋಕರ್ಣವೋ: ಇರಲಿಕ್ಕೆ ಯಾವುದು ಸೈ?

ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆಯವರು ನೌಕರಿ ಮುಗಿದ ಮೇಲೆ ಎಲ್ಲಿ ನೆಲೆ ನಿಲ್ಲೋಣ ಎಂದು ಮಾತಾಡುವಾಗ ಎರಡು ದಾರಿ ಮುಂದೆ ಬರುತ್ತವೆ. ಒಂದು, ಇಲ್ಲಿಯದೇ ಒಂದು ಶಾಂತವಾದ ಹಳ್ಳಿ. ಇನ್ನೊಂದು, ಡಿಸೆಂಬರಿನಲ್ಲಿ ನಾಲ್ಕು ದಿನ ಇದ್ದು ಮನಸೋತು ಬಂದ ಸಮುದ್ರದ ಊರು. ಕೊಪ್ಪಳದಿಂದ ಹತ್ತು-ಹನ್ನೆರಡು ಕಿ.ಮೀ. ದೂರದ ಕಿನ್ನಾಳವನ್ನೂ, ಹುಬ್ಬಳ್ಳಿ ದಾಟಿ ಘಟ್ಟ ಇಳಿದರೆ ಸಿಗುವ ಗೋಕರ್ಣವನ್ನೂ ವಾಸದ ಲೆಕ್ಕದಲ್ಲಿ ತೂಗಿದರೆ ತೀರ್ಪು ಸ್ಪಷ್ಟ: ವರ್ಷವಿಡೀ ಇರುವವರಿಗೆ ಕಿನ್ನಾಳ. ಗೋಕರ್ಣ ನವೆಂಬರಿನಿಂದ ಫೆಬ್ರವರಿವರೆಗೆ ಬಾಡಿಗೆಗೆ ಮಾತ್ರ.

ಗೋಕರ್ಣದ ಚೆಲುವಿನ ಬಗ್ಗೆ ತಕರಾರಿಲ್ಲ. ಕುಡ್ಲೆ, ಓಂ, ಹಾಫ್ ಮೂನ್, ಪ್ಯಾರಡೈಸ್ ಬೀಚುಗಳನ್ನು ನಡೆದೇ ನೋಡಬಹುದು, ಮಹಾಬಲೇಶ್ವರನ ಗುಡಿ ಊರೊಳಗೇ ಇದೆ, ಕೊಂಕಣ ರೈಲೂ ಹತ್ತಿರ. ತೊಂದರೆ ಇರುವುದು ಗಾಳಿಯಲ್ಲಿ. ಅಲೆ ಒಡೆದಾಗ ಏಳುವ ಉಪ್ಪಿನ ಹನಿ ಕಿಟಕಿಯ ಸರಳು, ಫ್ರಿಜ್ಜಿನ ಕಾಯಿಲ್, ಎಸಿಯ ಹೊರಗಿನ ಡಬ್ಬಿ, ಬಾಗಿಲ ಕೀಲು ಎಲ್ಲದರ ಮೇಲೂ ಕೂರುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ಎಂದು ಕೊಟ್ಟದ್ದೂ 304 ದರ್ಜೆಯದಾದರೆ ಕಂದು ಕಲೆ ಹಿಡಿಯುತ್ತದೆ. ಅಲ್ಲಿ ಬೇಕಾದದ್ದು 316.

ಇದಕ್ಕಿಂತ ದೊಡ್ಡ ಅಪಾಯ ಕಾಂಕ್ರೀಟಿನೊಳಗಿನ ಕಬ್ಬಿಣಕ್ಕೆ. ಉಪ್ಪು ಒಳಗಿಳಿದು ಸರಳು ತುಕ್ಕಾದರೆ ಅದು ಉಬ್ಬುತ್ತದೆ, ಉಬ್ಬಿದ ಸರಳು ಸುತ್ತಲಿನ ಕಾಂಕ್ರೀಟನ್ನು ಒಡೆದು ಹೊರಗೆ ನೂಕುತ್ತದೆ. ಕಾಂಕ್ರೀಟು ಕಟ್ಟಡಗಳ ಭಾರತೀಯ ಮಾನಕ ಐಎಸ್ 456ರ ಪ್ರಕಾರ ಕರಾವಳಿಯ ಗಾಳಿಗೆ ಒಡ್ಡಿಕೊಂಡ ಕಟ್ಟಡಕ್ಕೆ ಎಂ30 ದರ್ಜೆಯ ಕಾಂಕ್ರೀಟು, ಸರಳಿನ ಮೇಲೆ 45 ಮಿ.ಮೀ. ಹೊದಿಕೆ ಬೇಕು. ಒಣ ಸೀಮೆಯಲ್ಲಿ ಮನೆಯೊಳಗಿನ ಸ್ಲ್ಯಾಬಿಗೆ 20 ಮಿ.ಮೀ. ನಡೆಯುತ್ತದೆ. ಮನೆ ನೋಡಲು ಹೋದಾಗ ಕಿಟಕಿಯ ಮೇಲಿನ ಸಜ್ಜೆಯ ಅಡಿಭಾಗವನ್ನು ಕೀಲಿಕೈಯಿಂದ ತಟ್ಟಿ. ಗಟ್ಟಿ ಸಪ್ಪಳ ಬಂದರೆ ಸರಿ, ಪೊಳ್ಳು ಸಪ್ಪಳ ಬಂದರೆ ಒಳಗೆ ಪದರು ಬಿಟ್ಟಿದೆ ಎಂದರ್ಥ. ಹೊಸ ಬಣ್ಣ ಬಳಿದ ಮನೆಯಲ್ಲಂತೂ ಇದನ್ನು ಬಿಡಲೇಬೇಡಿ. ಕೆಂಪು ಕಲ್ಲಿನ ಗೋಡೆ, ಮಂಗಳೂರು ಹೆಂಚಿನ ಹಳೇ ಮನೆ ಸಿಕ್ಕರೆ ಅದೇ ಮೇಲು. ಆದರೆ ಪ್ರತಿವರ್ಷ ಮಳೆಗೆ ಮುಂಚೆ ಒಡೆದ ಹೆಂಚು ಬದಲಿಸುವ ಆಳು ಸಿಗುತ್ತಾನೆಯೇ ಎಂದು ಮೊದಲೇ ಕೇಳಿಕೊಳ್ಳಿ.

ಕರಾವಳಿಯಲ್ಲಿ ವರ್ಷಕ್ಕೆ 3000 ಮಿ.ಮೀ. ಮೀರಿ ಮಳೆ, ಕೊಪ್ಪಳದಲ್ಲಿ ಸುಮಾರು 600. ಅಂಕಿ ಓದಿದರೆ ತಿಳಿಯದ್ದು ರೊಟ್ಟಿ ನೋಡಿದರೆ ತಿಳಿಯುತ್ತದೆ. ಇಲ್ಲಿ ಅರಿವೆಯಲ್ಲಿ ಸುತ್ತಿ ಬುಟ್ಟಿಯಲ್ಲಿಟ್ಟ ಖಡಕ್ ರೊಟ್ಟಿ ವಾರಗಟ್ಟಲೆ ಮುರಿದರೆ ಪಟ್ಟೆನ್ನುತ್ತದೆ. ಜುಲೈ ತಿಂಗಳ ಗೋಕರ್ಣದಲ್ಲಿ ಅದೇ ರೊಟ್ಟಿ ಒಂದು ರಾತ್ರಿ ಹೊರಗಿದ್ದರೆ ಬೆಳಿಗ್ಗೆ ಬಾಗುತ್ತದೆ, ಮುರಿಯುವುದಿಲ್ಲ. ಜೋಳದ ಹಿಟ್ಟು ಗಂಟಾಗುತ್ತದೆ, ಕೆಂಪು ಖಾರಕ್ಕೆ ಬೂಷ್ಟು ಬರುತ್ತದೆ, ಚರ್ಮದ ಚಪ್ಪಲಿ, ಪುಸ್ತಕ, ರೇಷ್ಮೆ ಸೀರೆಗೂ ಅದೇ ಗತಿ. ಒಣ ಹವೆಗೆ ಹೊಂದಿಕೊಂಡ ಮನೆತನ ಇಡೀ ಅಡುಗೆಮನೆಯ ಪದ್ಧತಿಯನ್ನೇ ಬದಲಿಸಬೇಕಾಗುತ್ತದೆ. ಇಷ್ಟು ಮಳೆಯಾದರೂ ಬೇಸಿಗೆ ಬಂದರೆ ಸಮುದ್ರದ ಹತ್ತಿರದ ಬಾವಿಗಳ ನೀರು ಉಪ್ಪಾಗುತ್ತದೆ. ಏಪ್ರಿಲ್-ಮೇ ನೀರಿನ ವ್ಯವಸ್ಥೆ ಏನೆಂದು ಮನೆಯ ಮಾಲೀಕರನ್ನಲ್ಲ, ಪಕ್ಕದ ಮನೆಯವರನ್ನು ಕೇಳಿ.

ವಯಸ್ಸಾದವರಿಗೆ ಆಸ್ಪತ್ರೆಯ ದಾರಿ ಎಲ್ಲಕ್ಕಿಂತ ಮುಖ್ಯ. ದೊಡ್ಡ ಚಿಕಿತ್ಸೆಗೆ ಗೋಕರ್ಣದಿಂದ ಮಣಿಪಾಲ ಅಥವಾ ಹುಬ್ಬಳ್ಳಿ. ಎರಡೂ ಮೂರು ತಾಸಿನ ಹಾದಿ, ಹುಬ್ಬಳ್ಳಿಗಾದರೆ ಘಟ್ಟ ಬೇರೆ. ಮಳೆಗಾಲದಲ್ಲಿ ದಾರಿಯೇ ಮುಚ್ಚುವುದೂ ಉಂಟು: 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66 ದಿನಗಟ್ಟಲೆ ಮುಚ್ಚಿತ್ತು, ಜೀವಗಳೂ ಹೋದವು. ಕಿನ್ನಾಳದಿಂದ ಕೊಪ್ಪಳದ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಅರ್ಧ ತಾಸು ಸಾಕು. ಹೃದಯದ ಶಸ್ತ್ರಚಿಕಿತ್ಸೆಯಂಥದ್ದಕ್ಕೆ ಇಲ್ಲಿಂದಲೂ ಹುಬ್ಬಳ್ಳಿಯೇ, ಆದರೆ ದಾರಿ ಬಯಲಿನದು, ರೈಲೂ ಇದೆ.

ಜಾಗ ಕೊಳ್ಳುವವರಿಗೆ ಒಂದು ಮಾತು. 2019ರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಯ ಪ್ರಕಾರ ಜನವಸತಿ ವಿರಳವಾದ ಗ್ರಾಮೀಣ ತೀರದಲ್ಲಿ ಉಬ್ಬರದ ಗೆರೆಯಿಂದ 200 ಮೀಟರ್ ಒಳಗೆ ಹೊಸ ಕಟ್ಟಡಕ್ಕೆ ಅವಕಾಶವಿಲ್ಲ. ಸಮುದ್ರ ಕಾಣುವ ಜಾಗ ಎಂದು ತೋರಿಸಿದರೆ ಮೊದಲು ಆ ವಲಯದ ನಕ್ಷೆ ಕೇಳಿ.

ಇನ್ನು ಕಿನ್ನಾಳ. ಚಿತ್ರಗಾರರ ಊರು. ಹಗುರ ಮರದಲ್ಲಿ ದೇವರ ಮೂರ್ತಿ, ಗೊಂಬೆ ಕೆತ್ತಿ ಬಣ್ಣ ಹಚ್ಚುವ ಕೆಲಸಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ಇದೆ, ಕೈಮಗ್ಗವೂ ಇದೆ. ಹಿರೇಹಳ್ಳ ಜಲಾಶಯ ಪಕ್ಕದಲ್ಲೇ. ಪೂರ್ತಿ ನಿಶ್ಶಬ್ದ ಬಯಸಿದರೆ ನಿರಾಸೆಯಾದೀತು, ಗುಡಿಯ ಮೈಕು ಇರುತ್ತದೆ. ಆದರೆ ಪ್ರವಾಸಿಗರ ಗದ್ದಲವಿಲ್ಲ, ರಾತ್ರಿ ಒಂಬತ್ತಕ್ಕೆ ಓಣಿ ತಣ್ಣಗಾಗುತ್ತದೆ. ಕೊಪ್ಪಳದ ಸುತ್ತ ಬೇರೆ ಹಳ್ಳಿ ಹುಡುಕುವವರು ಗಿಣಿಗೇರಾ, ಹಾಲವರ್ತಿ ಕಡೆ ಬೇಡ. ಕಾರ್ಖಾನೆಗಳ ಕಪ್ಪು ಧೂಳು ಅಲ್ಲಿ ಮಾಳಿಗೆ ಮೇಲೆ, ಬೆಳೆಯ ಮೇಲೆ ಕೂರುತ್ತದೆ. ಸಂಜೆ ಬಿಳಿ ಅರಿವೆ ಹಾಸಿಟ್ಟು ಬೆಳಿಗ್ಗೆ ಒರೆಸಿ ನೋಡಿದರೆ ಯಾವ ಊರಿಗಾದರೂ ಉತ್ತರ ಸಿಗುತ್ತದೆ.

ಇಲ್ಲಿಯ ದೊಡ್ಡ ದೋಷ ನೀರು. ಕೊಪ್ಪಳ ಜಿಲ್ಲೆಯ ಹಲವು ಬೋರ್‌ವೆಲ್‌ಗಳಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ 1 ಮಿ.ಗ್ರಾಂ ಒಳಗಿರಬೇಕು, ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ. ಮೀರಿದರೆ ಮಕ್ಕಳ ಹಲ್ಲು ಕಲೆಗಟ್ಟುತ್ತವೆ, ವರ್ಷಗಳು ಕಳೆದಂತೆ ಸೊಂಟ, ಮೊಣಕಾಲು ಹಿಡಿಯುತ್ತವೆ. ರುಚಿಯಿಂದ ಇದು ಗೊತ್ತಾಗುವುದಿಲ್ಲ. ಕಾಯಿಸಿದರೆ ಹೋಗುವುದಿಲ್ಲ, ನೀರು ಆವಿಯಾಗಿ ಉಳಿದದ್ದರಲ್ಲಿ ಇನ್ನೂ ಹೆಚ್ಚುತ್ತದೆ. ಕ್ಯಾಂಡಲ್ ಫಿಲ್ಟರು, ಯುವಿ ಫಿಲ್ಟರು ಕೆಲಸಕ್ಕೆ ಬಾರವು, ಆರ್‌ಒ ಬೇಕು. ಇಲ್ಲವೆಂದರೆ ಊರಿನ ಶುದ್ಧ ಕುಡಿಯುವ ನೀರಿನ ಘಟಕದಿಂದ 20 ಲೀಟರ್ ಕ್ಯಾನು ತರಬೇಕು. ಕುಡಿಯಲಿಕ್ಕಷ್ಟೇ ಅಲ್ಲ, ಬೇಳೆ ಬೇಯಿಸಲಿಕ್ಕೂ ಅದೇ ನೀರು ಬಳಸಿ. ಇದನ್ನೇ ಬಹಳ ಮಂದಿ ಮರೆಯುತ್ತಾರೆ.

ಮನೆ ಕಟ್ಟುವುದಾದರೆ ಎರೆ (ಕಪ್ಪು) ನೆಲವೋ ಮಸಾರಿಯೋ (ಕೆಂಪು) ನೋಡಿ. ಎರೆ ಮಣ್ಣು ಮಳೆಯಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ. ಅದರ ಮೇಲೆಯೇ ಬುನಾದಿ ಕೂತರೆ ಕಿಟಕಿಯ ಮೂಲೆಯಿಂದ ಓರೆಯಾಗಿ ಸೀಳು ಶುರುವಾಗುತ್ತದೆ. ಗರಸು, ಅಂದರೆ ಕಲ್ಲುಮಿಶ್ರಿತ ಗಟ್ಟಿ ನೆಲ, ಸಿಗುವವರೆಗೆ ಅಗೆಯಲೇಬೇಕು. ಜಾಗ ಗ್ರಾಮಠಾಣದೊಳಗೆ (ಊರಿನ ವಸತಿ ಗಡಿಯೊಳಗೆ) ಇದೆಯೇ, ಗ್ರಾಮ ಪಂಚಾಯಿತಿಯ ಆಸ್ತಿ ದಾಖಲೆಯಾದ ಇ-ಸ್ವತ್ತಿನ ನಮೂನೆ 9 ಮತ್ತು 11ಎ ಇವೆಯೇ ಎಂಬುದು ಮುಂಗಡಕ್ಕೆ ಮೊದಲಿನ ಕೆಲಸ.

ಹಳೇ ಮಣ್ಣಿನ ಮಾಳಿಗೆ ಮನೆ ಸಿಕ್ಕರೆ ಬಿಡಬೇಡಿ. ಎರಡು ಅಡಿ ದಪ್ಪದ ಗೋಡೆ ಮಧ್ಯಾಹ್ನದ ಝಳವನ್ನು ಒಳಗೆ ಬಿಡದೆ ತಾಸುಗಟ್ಟಲೆ ತಡೆಯುತ್ತದೆ. ಹೊರಗೆ 41 ಡಿಗ್ರಿ ಇದ್ದಾಗ ಪಡಸಾಲೆಯಲ್ಲಿ ನಿದ್ದೆ ಬರುತ್ತದೆ. ಮಾಳಿಗೆಯ ಮೇಲೆ ಹಾಕುವುದು ಚೌಳು (ಕ್ಷಾರ) ಮಣ್ಣು. ಅದರಲ್ಲಿನ ಸೋಡಿಯಂ ಜೇಡಿಯ ಕಣಗಳನ್ನು ಬಿಡಿಸಿ ಸಂದು ಮುಚ್ಚುವುದರಿಂದ ನೀರು ಇಳಿಯುವುದಿಲ್ಲ. ಪ್ರತಿವರ್ಷ ಮುಂಗಾರಿಗೆ ಮುಂಚೆ ಹುಲ್ಲು ಕಿತ್ತು, ಹೊಸ ಮಣ್ಣು ಹರಡಿ, ನೀರು ಹೊರಬೀಳುವ ದೋಣಿಯ ಬಾಯಿ ಸ್ವಚ್ಛ ಮಾಡಬೇಕು. ಕೆಡುವುದು ನಡುವಿನಲ್ಲಲ್ಲ, ಮಾಳಿಗೆ ಹೊರುವ ಮರದ ಜಂತಿಯ ತುದಿಯಲ್ಲಿ. ಗೋಡೆಯೊಳಗೆ ಹುದುಗಿದ ತುದಿಗೆ ತೇವ ಇಳಿದರೆ ಗೆದ್ದಲು ಅಲ್ಲಿಂದಲೇ ಹತ್ತುತ್ತದೆ. ಚೂರಿಯ ಮೊನೆ ಒತ್ತಿದಾಗ ಒಳಗೆ ಇಳಿದರೆ ಆ ಜಂತಿ ಬದಲಿಸುವ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ.

ಎರಡೂ ಊರುಗಳನ್ನು ಅವುಗಳ ಕಷ್ಟದ ಕಾಲದಲ್ಲೇ ನೋಡಬೇಕು: ಕಿನ್ನಾಳವನ್ನು ಮೇ ತಿಂಗಳಲ್ಲಿ, ಗೋಕರ್ಣವನ್ನು ಜುಲೈನಲ್ಲಿ, ಕನಿಷ್ಠ ಹತ್ತು ದಿನ ಸ್ವಂತ ಅಡುಗೆ ಮಾಡಿಕೊಂಡು. ಆಮೇಲೂ ಗೋಕರ್ಣವೇ ಬೇಕೆನಿಸಿದರೆ ಬಾಡಿಗೆ ಕರಾರಿನಲ್ಲಿ ಒಂದು ಸಾಲು ಬರೆಸಿಕೊಳ್ಳಿ: ಸೀಸನ್ನಿನಲ್ಲಿ ದಿನದ ಬಾಡಿಗೆಗೆ ಕೊಡಲೆಂದು ನಡುವೆ ಮನೆ ಬಿಡಿಸುವಂತಿಲ್ಲ, ಹನ್ನೊಂದು ತಿಂಗಳೂ ಅದೇ ದರ.