ಅನೇಕ್ ಕನ್ನಡ ಕಂಡೆನ್ಸ್‌ಡ್: ಓರೆ ಮಾಡಿದರೆ ಫ್ಲೆಕ್ಸ್‌ಗೆ ಒದಗುತ್ತದೆಯೇ?

ದಾವಣಗೆರೆಯ ಕಬಡ್ಡಿ ಟೂರ್ನಿ ಇರಲಿ, ಟ್ರಾವೆಲ್ಸ್ ಬಸ್ಸಿನ ಮೈಮೇಲಿನ ಹೆಸರಿರಲಿ, ಗಿರಾಕಿ ಕೇಳುವುದು ಒಂದೇ: ದಪ್ಪಗೆ, ಇಕ್ಕಟ್ಟಾಗಿ, ಮುಂದಕ್ಕೆ ಬಾಗಿದ ಅಕ್ಷರ. ಇಂಗ್ಲಿಷ್‌ನಲ್ಲಾದರೆ ಬಾರ್ಲೋ ಕಂಡೆನ್ಸ್‌ಡ್‌ನಂಥ ಫಾಂಟು ಇಟಾಲಿಕ್ ಸಮೇತ ಸಿಗುತ್ತದೆ. ಕನ್ನಡದಲ್ಲಿ ಹತ್ತಿರಕ್ಕೆ ಬರುವುದು ಏಕ್ ಟೈಪ್‌ನವರ ಅನೇಕ್ ಕನ್ನಡ. ಅಗಲ 75ರಿಂದ 125 (100 ಅಂದರೆ ಮಾಮೂಲಿ ಅಗಲ), ತೂಕ ಅಂದರೆ ಗೆರೆಯ ದಪ್ಪ 100ರಿಂದ 800. ಗೂಗಲ್ ಫಾಂಟ್ಸ್‌ನಲ್ಲಿ ಉಚಿತ, ದುಡ್ಡಿನ ಕೆಲಸಕ್ಕೂ ಬಳಸಬಹುದು. ಇಟಾಲಿಕ್ ಮಾತ್ರ ಇಲ್ಲ. ಓರೆ ನಾವೇ ಮಾಡಿಕೊಳ್ಳಬೇಕು.

75ರ ಅಗಲದ ಎಕ್ಸ್‌ಟ್ರಾಬೋಲ್ಡ್ (ತೂಕ 800) ನಿಜಕ್ಕೂ ಚೆನ್ನಾಗಿದೆ. ಸಾಮಾನ್ಯ ಫಾಂಟನ್ನು ಪಕ್ಕದಿಂದ ಅದುಮಿದರೆ ನಿಂತ ಗೆರೆಗಳು ಸೊರಗಿ, ತಲೆಕಟ್ಟು ದಪ್ಪಗೇ ಉಳಿಯುತ್ತದೆ. ಇಲ್ಲಿ ಎರಡೂ ಹದವಾಗಿವೆ. ನೋಟೋ ಸ್ಯಾನ್ಸ್ ಕನ್ನಡ 62.5ರವರೆಗೂ ಕಿರಿದಾಗುತ್ತದೆ, ಆದರೆ ಬೋರ್ಡಿಗೆ ಬೇಕಾದ ಖದರು ಅದಕ್ಕಿಲ್ಲ.

ತಾಪತ್ರಯ ಶುರುವಾಗುವುದು ಸ್ಕ್ಯೂ ಕೊಟ್ಟಾಗ, ಅಂದರೆ ಡಿಸೈನ್ ಸಾಫ್ಟ್‌ವೇರಿನಲ್ಲಿ ಅಕ್ಷರವನ್ನು ಓರೆಯಾಗಿ ಬಾಗಿಸಿದಾಗ. ಅಕ್ಷರದ ಮೇಲ್ಭಾಗ ಬಲಕ್ಕೂ ಕೆಳಭಾಗ ಎಡಕ್ಕೂ ಸರಿಯುತ್ತದೆ. ಇಂಗ್ಲಿಷಿನ ದೊಡ್ಡಕ್ಷರಗಳ ಕೆಳಗೆ ಏನೂ ಇಲ್ಲ, ನಮ್ಮಲ್ಲಿ ಒತ್ತಕ್ಷರ ಇದೆ. ಮೂಲ ಅಕ್ಷರದ ನಡುವಿನಿಂದ ಒತ್ತಿನ ನಡುವಿಗೆ 10 ಇಂಚು ಇದ್ದರೆ, 8 ಡಿಗ್ರಿ ಓರೆಗೆ ಒತ್ತು 1.4 ಇಂಚು ಎಡಕ್ಕೆ ಜಾರುತ್ತದೆ. 15 ಡಿಗ್ರಿಗೆ ಸುಮಾರು 2.7 ಇಂಚು. ‘ಚಿತ್ರದುರ್ಗ’ ಬರೆದು ನೋಡಿ: ‘ಚಿ’ಯ ಗುಡಿಸು ಮುಂದಿನ ತಲೆಕಟ್ಟಿನ ಕಡೆ ವಾಲುತ್ತದೆ, ‘ತ್ರ’ದ ಒತ್ತು ಹಿಂದೆ ಸರಿದು ‘ಚಿ’ಯ ಬುಡಕ್ಕೆ ಬರುತ್ತದೆ. ಹಾಗಾಗಿ 6ರಿಂದ 8 ಡಿಗ್ರಿ ಸಾಕು. ಅಕ್ಷರವನ್ನು ಕರ್ವ್ಸ್ (ಟೈಪ್ ಮಾಡಲಾಗದ ಬರೀ ಗೆರೆಚಿತ್ರ) ಮಾಡಿದ ಮೇಲೆ ಒತ್ತನ್ನಷ್ಟೇ ಆರಿಸಿ, ಜಾರಿದ್ದರ ಅರ್ಧದಷ್ಟು ಬಲಕ್ಕೆ ತಳ್ಳಿ. ಪೂರ್ತಿ ತಳ್ಳಿದರೆ ಒತ್ತು ಅಕ್ಷರದ ಓರೆಗೆ ಹೊಂದುವುದಿಲ್ಲ. ಟೂಲ್‌ಬಾರಿನ ಇಟಾಲಿಕ್ ಗುಂಡಿ ಬೇಡ, ಅದರ ಕೋನ ನಮ್ಮ ಕೈಯಲ್ಲಿರುವುದಿಲ್ಲ. ಬಹುಮಾನದ ಮೊತ್ತ, ಫೋನ್ ನಂಬರಿಗೂ ಅನೇಕ್‌ನ ಅಂಕಿಗಳನ್ನೇ ಅದೇ ಡಿಗ್ರಿಗೆ ಬಾಗಿಸಿ.

ಇನ್ನೊಂದು, ಅಕ್ಷರದ ಒಳಗಿನ ಸಂದು. ನಾಯಕನಹಟ್ಟಿ ಜಾತ್ರೆಯ ಬ್ಯಾನರಿನಲ್ಲಿ ‘ರಥೋತ್ಸವ’ಕ್ಕೆ ದಪ್ಪ ಔಟ್‌ಲೈನ್ ಕೊಟ್ಟರೆ ‘ಥ’ದೊಳಗಿನ ಚುಕ್ಕೆ ಮುಚ್ಚಿಹೋಗಿ ದೂರಕ್ಕೆ ‘ಧ’ದಂತೆ ಕಾಣುತ್ತದೆ. ಅಂಥ ಪದಕ್ಕೆ ತೂಕ 700ಕ್ಕೆ ಇಳಿಸಿ, ಔಟ್‌ಲೈನನ್ನು ಬಿಹೈಂಡ್ ಫಿಲ್ ಮಾಡಿ, ಅಂದರೆ ಅಕ್ಷರದ ಬಣ್ಣದ ಹಿಂದಕ್ಕೆ ಹಾಕಿ. ಎರಡು ಸಾಲಿದ್ದರೆ ಸಾಲಿನ ಅಂತರ ಅಕ್ಷರದ ಅಳತೆಯ 1.3 ಪಟ್ಟಿಗಿಂತ ಕಡಿಮೆ ಬೇಡ. ಕಡಿಮೆಯಾದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ.

ಬೆಣ್ಣೆ ದೋಸೆ ಹೋಟೆಲಿನ ಬೋರ್ಡಿಗೂ ಕೆಲವರು ಓರೆ ಕೇಳುತ್ತಾರೆ. ಓಡಿಹೋಗುವ ದೋಸೆ ಯಾರಿಗೆ ಬೇಕು? ಅಲ್ಲಿ ಬಾಲೂ ತಮ್ಮ 2 ಎಂಬ ಫಾಂಟು ನೆಟ್ಟಗೆ ನಿಂತರೆ ಚೆಂದ.

ವಿನೈಲ್ ಕಟಿಂಗ್ ಇದ್ದರೆ ವೇರಿಯಬಲ್ ಫೈಲ್ (ಎಲ್ಲ ಅಗಲ, ತೂಕ ಒಂದರಲ್ಲೇ ಇರುವುದು) ಬಳಸಬೇಡಿ. ಅದರಲ್ಲಿ ಅಕ್ಷರದ ತುಂಡುಗಳು ಒಂದರ ಮೇಲೊಂದು ಕೂತಿರುತ್ತವೆ, ಬ್ಲೇಡು ಒಳಗಿನ ಗೆರೆಯನ್ನೂ ಕೊಯ್ಯುತ್ತದೆ. ಡೌನ್‌ಲೋಡಿನಲ್ಲೇ ಬರುವ ಸ್ಟ್ಯಾಟಿಕ್ ಫೋಲ್ಡರಿನ ಕಂಡೆನ್ಸ್‌ಡ್ ಎಕ್ಸ್‌ಟ್ರಾಬೋಲ್ಡ್ ಹಾಕಿಕೊಳ್ಳಿ. ಆದರೂ ಕರ್ವ್ಸ್ ಆದಮೇಲೆ ಒಮ್ಮೆ ವೆಲ್ಡ್ ಮಾಡಿ (ತುಂಡುಗಳನ್ನು ಒಂದಾಗಿ ಬೆಸೆದು), ಬರೀ ಗೆರೆ ತೋರಿಸುವ ವೈರ್‌ಫ್ರೇಮ್‌ನಲ್ಲಿ ನೋಡಿಯೇ ಕಟಿಂಗ್ ಯಂತ್ರವಾದ ಪ್ಲಾಟರ್‌ಗೆ ಕಳಿಸಿ.